ಮಾಳಿಗೆಯ ಮಣ್ಣು ಇಳಿಸಿದ ಓಬಕ್ಕ

ಓಬಕ್ಕನ ಮನೆಯ ನಡುತೊಲೆ ಮೊದಲ ಸಲ ಸದ್ದು ಮಾಡಿದ್ದು ಬುಧವಾರ ಮಧ್ಯಾಹ್ನ, ಮೂರು ಗಂಟೆ ಸುಮಾರಿಗೆ. ಪಡಸಾಲೆಯಲ್ಲಿ ನಾವು ಮೂವರಿದ್ದೆವು. ಓಬಕ್ಕನ ಸೊಸೆ ನಾಗಲಕ್ಷ್ಮಿ ಮಿಷಿನ್ನಿನ ಮುಂದೆ ಕೂತು ಜೀನ್ಸ್ ಪ್ಯಾಂಟಿನ ಕಾಲು ಕೂಡಿಸುತ್ತಿದ್ದಳು. ಓಬಕ್ಕನೂ ಎದುರು ಮನೆಯ ನಾನೂ ಕಂಬಕ್ಕೆ ಒರಗಿಕೊಂಡು, ಹೊಲಿದು ಹಾಕಿದ ಪ್ಯಾಂಟುಗಳಲ್ಲಿ ಉಳಿದ ದಾರದ ತುದಿ ಕತ್ತರಿಸುತ್ತಿದ್ದೆವು. ರಾಯದುರ್ಗದಲ್ಲಿ ಕಣ್ಣು ಮಂಜಾದ ಹೆಂಗಸರಿಗೂ ಸಿಗುವ ಕೆಲಸ ಅದು.

ಸದ್ದು ದೊಡ್ಡದೇನಲ್ಲ. ಒಣ ಕಡ್ಡಿ ಮುರಿದಂತೆ ಒಂದೇ ಒಂದು ಟಕ್. ಆಮೇಲೆ ಜಂತೆಗಳ ಸಂದಿನಿಂದ ಸಣ್ಣ ಮಣ್ಣು ಜರಜರ ಅಂತ ನಾಗಲಕ್ಷ್ಮಿಯ ಬಟ್ಟೆಯ ಮೇಲೆ ಉದುರಿತು.

"ಲಾರಿ ಹೋತೇನೋ ಅತ್ತಿ," ಅಂದಳು ನಾಗಲಕ್ಷ್ಮಿ, ಮಣ್ಣು ಕೊಡವುತ್ತ.

"ಲಾರಿ ಹೋದ್ರ ನೆಲ ನಡುಗತೈತಿ. ಇದು ಮ್ಯಾಲಿಂದು. ಮಿಷಿನ್ ನಿಲ್ಸು."

ಮಿಷಿನ್ ನಿಂತಿತು. ಓಬಕ್ಕ ಎದ್ದು ನಡುಕಂಬಕ್ಕೆ ಅಂಗೈ ಒತ್ತಿ ನಿಂತಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ನಾವೂ ಕಿವಿಗೊಟ್ಟೆವು. ಓಣಿಯಲ್ಲಿ ಯಾರದೋ ಮನೆಯ ಟೀವಿ, ದೂರದಲ್ಲಿ ಒಂದು ಆಟೋ. ಅಷ್ಟರಲ್ಲಿ ಮತ್ತೆ ಟಕ್ ಅಂತು. ಓಬಕ್ಕ ಕೈ ಸುಟ್ಟವಳಂತೆ ಹಿಂದಕ್ಕೆ ಎಳೆದುಕೊಂಡಳು.

"ಹೊರಗ ನಡೀರಿ. ಬಟ್ಟಿ ಅಲ್ಲೇ ಇರ್ಲಿ."

ಮಾರನೇ ದಿನ ಗುರುವಾರ ಅನಂತಪುರದಿಂದ ಸಾಹೇಬರು ಬಂದು ಮನೆ ನೋಡುವುದಿತ್ತು. ಅವರು ನೋಡಿ ಹೋಗುವ ತನಕ ಆ ಮನೆಯ ಒಂದು ಹಿಡಿ ಮಣ್ಣನ್ನೂ ಕದಲಿಸುವ ಹಾಗಿರಲಿಲ್ಲ. ಕದಲಿಸಿದರೆ ನಾಲ್ಕು ಲಕ್ಷ ರೂಪಾಯಿ ಕೈತಪ್ಪುತ್ತಿತ್ತು. ಅದು ಕೈತಪ್ಪಿದರೆ ಮನೆಯೂ ಉಳಿಯುತ್ತಿರಲಿಲ್ಲ. ಅದು ಹೇಗೆ ಅನ್ನುವುದನ್ನು ಮೊದಲು ಹೇಳಬೇಕು.

ಓಬಕ್ಕ ಡಿ. ಹಿರೇಹಾಳ್ ಕಡೆಯವಳು. ಹದಿನಾರಕ್ಕೆ ಮದುವೆಯಾಗಿ ಕೋಟೆ ಗುಡ್ಡದ ಬುಡದ ಈ ಓಣಿಗೆ ಬಂದಳು. ಗಂಡ ಮೂಕಪ್ಪ ಶಾಲೆಯಲ್ಲಿ ಜವಾನ. ಮನೆ ಕಟ್ಟಿಸಿದ್ದು ಮೂಕಪ್ಪನ ಮುತ್ತಜ್ಜ, ಹತ್ತಿ ವ್ಯಾಪಾರದಲ್ಲಿ ಕೈ ತುಂಬಿದ್ದ ಕಾಲದಲ್ಲಿ. ನೂರಾ ಮೂವತ್ತು ವರ್ಷದ ಮೇಲಾಯಿತು ಅನ್ನುತ್ತಾರೆ. ಕಲ್ಲಿನ ಗೋಡೆ, ಹನ್ನೆರಡು ತೇಗದ ಕಂಬ, ಕಂಬದ ತಲೆಗೆ ಗಿಳಿ ಕೆತ್ತಿದ ಬೋದಿಗೆ, ನೆತ್ತಿಯ ಮೇಲೆ ಬೆಳಕಿಂಡಿ. ಮೇಲೆ ಮಣ್ಣಿನ ಮಾಳಿಗೆ, ಅಂದರೆ ಜಂತೆಗಳ ಮೇಲೆ ಮಣ್ಣು ಹಾಸಿ ಬಡಿದ ಚಪ್ಪಟೆ ಚಾವಣಿ.

ಮೂಕಪ್ಪ ಮೂತ್ರಪಿಂಡದ ಕಾಯಿಲೆ ಬಿದ್ದಾಗ ಬಳ್ಳಾರಿಯ ವ್ಯಾಪಾರಿಯೊಬ್ಬ ಬಂದು, ಹನ್ನೆರಡು ಕಂಬಕ್ಕೂ ಬೋದಿಗೆಗೂ ಒಂದೇ ಮಾತಿನ ದರ ಹೇಳಿದ್ದ. ಯಾವುದೋ ಹೋಟೆಲಿಗೆ ಬೇಕಂತೆ. ಓಬಕ್ಕ ಅವನಿಗೆ ನೀರು ಕೊಟ್ಟು ಕಳಿಸಿದಳು. ಆಮೇಲೆ ಎರಡು ವರ್ಷ ಬೆಳಕು ಹರಿಯುವ ಮುಂಚೆಯಿಂದ ದಾರ ಕತ್ತರಿಸಿ ಆಸ್ಪತ್ರೆಗೆ ಓಡಾಡಿದಳು. ಗಂಡ ಉಳಿಯಲಿಲ್ಲ. "ಆ ಕಂಬಗಳಿಗೆ ನಾನು ಪ್ಯಾಂಟಿನ ದಾರದಾಗ ಬೆಲಿ ಕಟ್ಟೀನಿ," ಅನ್ನುತ್ತಿದ್ದಳು. ಅದನ್ನು ಅಳುತ್ತ ಹೇಳುತ್ತಿರಲಿಲ್ಲ, ಲೆಕ್ಕ ಒಪ್ಪಿಸುವವರ ಧಾಟಿಯಲ್ಲಿ ಹೇಳುತ್ತಿದ್ದಳು.

ಮಗ ಗಂಗರಾಜುವಿಗೆ ಆ ಮನೆ ಕಂಡರೆ ಆಗದು. ಅವನು ಕರೆಂಟಿನ ಲೈನ್‌ಮ್ಯಾನ್. ಅವನ ಮಾತಿನಲ್ಲೂ ನ್ಯಾಯವಿತ್ತು. ಮಾಳಿಗೆಯ ಮಣ್ಣು ಉದುರಿ ಹೆಂಡತಿ ಹೊಲಿದ ಬಟ್ಟೆ ಮೂರು ಸಲ ವಾಪಸ್ ಬಂದಿತ್ತು. ಚೇಳು ಎರಡು ಸಲ ಬಿದ್ದಿತ್ತು. ಕೆಡವಿ, ಪಿಲ್ಲರ್ ಎಬ್ಬಿಸಿ, ಸ್ಲ್ಯಾಬ್ ಹಾಕಿಸಬೇಕು ಅನ್ನುವುದು ಅವನ ಆಸೆ. ತಾಯಿ ಮಗ ಅದಕ್ಕಾಗಿ ಎಷ್ಟು ಸಲ ಮಾತು ಬಿಟ್ಟು ಮತ್ತೆ ಆಡಿದರೋ.

ಹೀಗಿರುವಾಗ ಹೋದ ವರ್ಷ ಅನಂತಪುರದ ಒಂದು ಸಂಸ್ಥೆಯವರು ಬಂದು ಓಣಿಯ ಹಳೇ ಮನೆಗಳನ್ನೆಲ್ಲ ಅಳೆದು ಫೋಟೋ ಹಿಡಿದರು. ಹಳೇ ಮನೆಯನ್ನು ಕೆಡವದೆ ಮರ, ಸುಣ್ಣದಲ್ಲೇ ರಿಪೇರಿ ಮಾಡಿಸಿಕೊಳ್ಳುವ ಮಾಲೀಕರಿಗೆ ದುಡ್ಡು ಕೊಡುತ್ತಾರಂತೆ. ಓಬಕ್ಕನ ಮನೆಗೆ ಆರು ಲಕ್ಷದ ಅಂದಾಜಾಯಿತು. ನಾಲ್ಕು ಅವರದು, ಎರಡು ಮನೆಯವರದು. ಒಪ್ಪಂದ ಏನೆಂದರೆ ಹತ್ತು ವರ್ಷ ಮನೆ ಕೆಡವಬಾರದು, ಕಂಬ ಮಾರಬಾರದು. ಇನ್ನೊಂದು ಮಾತು ಕಾಗದದಲ್ಲಿ ದಪ್ಪ ಅಕ್ಷರದಲ್ಲಿತ್ತು. ಇಂಜಿನಿಯರು ಬಂದು ನೋಡುವ ಮುಂಚೆ ಮನೆಯ ಯಾವ ಭಾಗವನ್ನು ಬಿಚ್ಚಿದರೂ ಅರ್ಜಿ ರದ್ದು.

ಈ ಮಾತು ಸುಮ್ಮನೆ ಬಂದದ್ದಲ್ಲ. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಕೆಳಗಿನ ಓಣಿಯವರೊಬ್ಬರು ರಿಪೇರಿಯ ನೆಪದಲ್ಲಿ ಮಾಳಿಗೆ ಬಿಚ್ಚಿ, ಮರವನ್ನೆಲ್ಲ ಲಾರಿಗೆ ಹೇರಿ ಮಾರಿಬಿಟ್ಟಿದ್ದರು. ಈಗ ಅಲ್ಲಿ ಮೂರಂತಸ್ತು ನಿಂತಿದೆ.

ಗಂಗರಾಜು ತಾಯಿಗೆ ಗಡುವು ಕೊಟ್ಟಿದ್ದ. "ನಿನ್ನ ಸಂಸ್ಥೆಯೋರು ಒಪ್ಪಿದ್ರ ನಾನು ಬಾಯಿ ಬಿಡಂಗಿಲ್ಲ. ಅವರು ಒಲ್ಲೆ ಅಂದ್ರ ನೀನು ಬಾಯಿ ಬಿಡಂಗಿಲ್ಲ. ಸ್ಲ್ಯಾಬ್ ಹಾಕ್ತೀನಿ." ಓಬಕ್ಕ ಒಪ್ಪಿದ್ದಳು. ಅವನು ಆಗಲೇ ಒಬ್ಬ ಕಂಟ್ರಾಕ್ಟರನ್ನು ಕರೆತಂದು, ಅಡ್ವಾನ್ಸ್ ಕೊಟ್ಟು, ಪಡಸಾಲೆಯ ಗೋಡೆಯ ಮೇಲೆ ನೀಲಿ ದಾರದ ಗೆರೆ ಹೊಡೆಸಿದ್ದ, ಪಿಲ್ಲರ್ ಎಲ್ಲೆಲ್ಲಿ ಬರಬೇಕು ಅಂತ. ಓಬಕ್ಕ ಆ ಗೆರೆಯನ್ನು ಒರೆಸಲಿಲ್ಲ. ಕಾಗದ ಬಂದ ಮೇಲೆ ಅವಳು ಆ ಮನೆಯಲ್ಲಿ ಏನನ್ನೂ ಒರೆಸಲಿಲ್ಲ. ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಹೋದ ಸೊಸೆಯ ಕೈಯಿಂದ ಸುತ್ತಿಗೆ ಕಿತ್ತುಕೊಂಡಿದ್ದಳು.

ಏಪ್ರಿಲಿನಲ್ಲಿ ಬರಬೇಕಾದ ಇಂಜಿನಿಯರು ಎರಡು ಸಲ ತಾರೀಖು ಮುಂದಕ್ಕೆ ಹಾಕಿದರು. ಅಷ್ಟರಲ್ಲಿ ವರ್ಷ ವರ್ಷ ಮಾಳಿಗೆಗೆ ಹೊಸ ಮಣ್ಣು ಹಾಕುವ ಕಾಲ ಬಂದು, ಹಾಕಿಸದೆಯೇ ದಾಟಿ, ಕೃತ್ತಿಕೆ ಮಳೆಯ ಎರಡು ಹನಿಯೂ ಬಿದ್ದಿದ್ದವು. ಮೂರನೆಯ ತಾರೀಖು ಆ ಗುರುವಾರದ್ದು.

ಟಕ್ ಅಂದದ್ದು ಬುಧವಾರ.

ದೊಡ್ಡಮಲ್ಲಪ್ಪ ಅಂತ ಕಣೇಕಲ್ಲಿನವರು, ಮಾಳಿಗೆ ಕೆಲಸದಲ್ಲಿ ಹೆಸರಾದವರು. ಸೌಳು ಮಣ್ಣು, ಅಂದರೆ ನೀರು ಕುಡಿಯದ ಉಪ್ಪುಪ್ಪು ಬೂದು ಮಣ್ಣು, ಅವರ ಊರ ಕಡೆಯಿಂದಲೇ ಬರುವುದು. ವರ್ಷಕ್ಕೊಂದು ಸಲ ಅದನ್ನು ಮಾಳಿಗೆಗೆ ಹಾಸಿ, ಕೊಡತಿಯಲ್ಲಿ ಬಡಿದು ಹೋಗುತ್ತಾರೆ. ಅವತ್ತು ಪುಣ್ಯಕ್ಕೆ ಅವರು ಮೇಲಿನ ಓಣಿಯ ಇನ್ನೊಂದು ಮನೆಯ ಮೇಲಿದ್ದರು. ನಾಗಲಕ್ಷ್ಮಿ ಓಡಿಹೋಗಿ ಕರೆತಂದಳು.

ಅವರು ಮೊದಲು ಒಳಗೆ ಹೋಗಿ ಕತ್ತೆತ್ತಿ ನೋಡಿದರು. ನಡುತೊಲೆಯ ಹೊಟ್ಟೆಯಲ್ಲಿ ಮೊಳದುದ್ದದ ಹೊಸ ಬಿರುಕು. ಒಳಗಿನ ಮರ ಬೆಳ್ಳಗೆ ಕಾಣುತ್ತಿತ್ತು. ಹೊರಗೆ ಬಂದು, ಏಣಿ ಹಾಕಿ, ಹಾರೆ ಹಿಡಿದು ಮೇಲೆ ಹೋದರು. ನಾವು ಕೆಳಗಿನಿಂದ ನೋಡುತ್ತಿದ್ದೆವು. ಹಾರೆಯನ್ನು ಮಣ್ಣಿಗೆ ಇಳಿಸಿದರು. ಅದು ಇಳಿಯುತ್ತಲೇ ಹೋಯಿತು.

"ಓಬಕ್ಕ! ಇದನ್ನ ಕೆರೆದು ಎಷ್ಟ ವರ್ಷ ಆತು?"

"ಕೆರೆಯದಾ? ನಮ್ಮ ಮನ್ಯಾಗ ಕೆರೆಯಂಗಿಲ್ಲಪ."

"ಅಂದ್ರ?"

"ಹಾಕಾದು ಅಷ್ಟ. ತೆಗೆಯದಿಲ್ಲ."

ದೊಡ್ಡಮಲ್ಲಪ್ಪ ಮಾಳಿಗೆಯ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತರು. ಹಾರೆಯ ಮೇಲೆ ಮಣ್ಣು ಹತ್ತಿದ ಗುರುತನ್ನು ಬೆರಳಲ್ಲಿ ತೋರಿಸಿದರು. ಅವರ ತೊಡೆಯ ಮಟ್ಟಕ್ಕಿತ್ತು.

"ಎರಡೂವರಿ ಅಡಿ ಐತಿ ತಾಯಿ. ಇರಬೇಕಾದ್ದು ಅರ್ಧ ಅಡಿ. ನಾನು ಬರಾಕ ಹತ್ತಿ ಹದಿನೆಂಟು ವರ್ಷ ಆತು, ಹಾಕು ಅಂದ್ರಿ, ಹಾಕಿದೆ. ಒಂದ ದಿವಸನೂ ಹಾರಿ ಇಳಿಸಿ ನೋಡಲಿಲ್ಲ. ನನ್ನ ಬುದ್ಧಿಗಿಷ್ಟು! ಬ್ಯಾರೆ ಮನ್ಯಾಗ ಹಾಕಿದಷ್ಟು ಕೆರೀತಾರ. ನೀವು ಯಾಕ ಕೆರೀಲಿಲ್ಲ?"

ಓಬಕ್ಕ ಹೇಳಿದ್ದು ನನಗೂ ಗೊತ್ತಿದ್ದ ಸಂಗತಿಯೇ. ಆ ಮನೆಗೆ ಸೊಸೆಯಾಗಿ ಬಂದವಳು ಮೊದಲ ವರ್ಷ ಒಂದು ಪುಟ್ಟಿ ಸೌಳು ಹೊತ್ತು ಮಾಳಿಗೆಗೆ ಸುರಿಯಬೇಕು. ಆ ಪುಟ್ಟಿ ಬಿದ್ದ ಮೇಲೆಯೇ ಅವಳು ಆ ಮನೆಯವಳು. ಓಬಕ್ಕನ ಅತ್ತೆ ಕಾಟಮ್ಮ ಮಡಕಶಿರಾ ಸೀಮೆಯ ರೊಳ್ಳದಿಂದ ಬಂದವಳು, ಅವಳೂ ಹೊತ್ತಿದ್ದಳು. ಓಬಕ್ಕನೂ ಹೊತ್ತಳು. ನಾಗಲಕ್ಷ್ಮಿಯೂ ಹೊತ್ತಳು. ಹಿರಿಯರು ಹೊತ್ತು ಹಾಕಿದ್ದನ್ನು ಕೆರೆದು ಬೀದಿಗೆ ಬಿಸಾಡುವುದುಂಟೇ? ಹಾಗಂತ ಮುತ್ತಜ್ಜನ ಕಾಲದಿಂದ ಮಣ್ಣಿನ ಮೇಲೆ ಮಣ್ಣು ಬಿದ್ದಿತ್ತು.

"ಪ್ರತಿ ವರ್ಷ ಮ್ಯಾಲ ಹೊಸ ಸೌಳು ಬೀಳ್ತಿತ್ತು, ನೀರು ಇಳೀತಿರಲಿಲ್ಲ, ಹೆಂಗೋ ತಡಕೊಂಡೈತಿ," ಅಂದರು ದೊಡ್ಡಮಲ್ಲಪ್ಪ. "ಈ ವರ್ಷ ಹಾಕಿಸಲಿಲ್ಲ ನೀವು. ಮಣ್ಣು ಬಿರಿದು ಬಾಯಿ ಬಿಟ್ಟೈತಿ. ಹ್ವಾದ ವಾರದ ಮಳಿ ಕುಡದೈತಿ. ಇನ್ನೊಂದು ಜೋರು ಮಳಿ ಕುಡೀತಂದ್ರ ತೊಲಿ ಎರಡು ತುಂಡು."

"ಕೆಳಗ ಕಂಬ ಕೊಟ್ಟು ಎತ್ತಿ ಹಿಡದ್ರ?"

"ತೊಲಿ ನಿಲ್ತದ. ಗ್ವಾಡಿ ನಿಲ್ಲಂಗಿಲ್ಲ, ಪೂರ್ವದ ಗ್ವಾಡಿ ಆಗಲೇ ಹೊಟ್ಟಿ ಬಿಟ್ಟೈತಿ. ಭಾರ ಇಳೀಬೇಕು ಓಬಕ್ಕ. ಇವತ್ತ ಇಳೀಬೇಕು." ಅವರು ಬಳ್ಳಾರಿ ದಿಕ್ಕಿಗೆ ಗದ್ದ ಎತ್ತಿದರು. ಕೋಟೆ ಗುಡ್ಡದ ಭುಜದ ಆಚೆ ಮೋಡ ಕಪ್ಪಗೆ ಕೂಡುತ್ತಿತ್ತು.

"ನಾಳೆ ಹನ್ನೊಂದಕ್ಕ ಬರ್ತಾರಪ್ಪ ಅವರು. ಇನ್ನ ಇಪ್ಪತ್ತು ತಾಸು."

"ಮೋಡಕ್ಕ ಹೇಳ್ರಿ ಅದನ್ನ."

ನಾಗಲಕ್ಷ್ಮಿ ಇಂಜಿನಿಯರಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಸಂಸ್ಥೆಯ ನಂಬರಿಗೆ ಹಚ್ಚಿದಳು. ಎತ್ತಿದ ಹುಡುಗಿ ತೆಲುಗಿನಲ್ಲಿ, ಸಾರ್ ಬೇರೆ ಊರಿನ ಗುಡ್ಡದ ಮೇಲಿದ್ದಾರೆ, ಅಲ್ಲಿ ಸಿಗ್ನಲ್ ಇಲ್ಲ, ಅವರ ಒಪ್ಪಿಗೆ ಇಲ್ಲದೆ ನಾನೇನೂ ಹೇಳಲಾರೆ, ಏನನ್ನೂ ಮುಟ್ಟಬೇಡಿ ಅಂದಳು. ನಾಗಲಕ್ಷ್ಮಿ ಬಿರುಕಿನ ಫೋಟೋ ಹಿಡಿದು ಇಂಜಿನಿಯರ ನಂಬರಿಗೆ ಕಳಿಸಿದಳು. ಅದು ಅವರಿಗೆ ತಲುಪಲಿಲ್ಲ, ಒಂದೇ ಟಿಕ್ಕಿಗೆ ನಿಂತಿತು. ಓಬಕ್ಕ ಆ ಟಿಕ್ಕನ್ನೇ ಐದು ನಿಮಿಷ ನೋಡಿದಳು.

"ಅತ್ತಿ, ಮುಟ್ಟಿದ್ರ ಅರ್ಜಿ ಹೋತು. ನಿಮ್ಮ ಮಗ ನಾಳೇನ ಕಂಟ್ರಾಕ್ಟರ್‌ನ ಕರಸ್ತಾರ."

"ಗೊತ್ತೈತಿ."

"ಮುಟ್ಟಲಿಲ್ಲಂದ್ರ..."

"ಅದೂ ಗೊತ್ತೈತಿ ನಾಗಲಕ್ಷ್ಮಿ. ಸುಮ್ಕಿರು ಸ್ವಲ್ಪ."

ಓಬಕ್ಕ ಕಟ್ಟೆಯ ಮೇಲೆ ಕೂತಳು. ಒಳಗೆ ಇನ್ನೊಮ್ಮೆ ಟಕ್ ಅಂತು. ಗಾಳಿ ತಣ್ಣಗಾಗಿ, ಓಣಿಯ ಧೂಳು ಸುರುಳಿ ಎದ್ದು ಹೋಯಿತು. ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಸೆರಗನ್ನು ಮಾತ್ರ ಬೆರಳಿಗೆ ಸುತ್ತುವುದು, ಬಿಚ್ಚುವುದು. ಆಮೇಲೆ ಎದ್ದಳು, ಸೆರಗು ಸೊಂಟಕ್ಕೆ ಸಿಗಿಸಿದಳು.

"ಮಲ್ಲಪ್ಪಣ್ಣ, ಪುಟ್ಟಿ ಅದಾವೇನು?"

"ನಾಕು ಅದಾವ."

"ನಮ್ಮನ್ಯಾಗ ಎರಡು. ದುರುಗಕ್ಕ, ನಿಮ್ಮನ್ಯಾಗಿಂದೂ ತರ್ರಿ," ಅಂದಳು ನನಗೆ.

ಏಣಿ ಹತ್ತಿದ್ದು ಮೊದಲು ಅವಳೇ. ಅರವತ್ತೆರಡರ ಹೆಂಗಸು, ಬೇಡ ಅಂದರೂ ಕೇಳಲಿಲ್ಲ. ದೊಡ್ಡಮಲ್ಲಪ್ಪ ಸಲಿಕೆ ಎತ್ತಿದವರು ನಿಂತು ಅವಳ ಮುಖ ನೋಡಿದರು. ಅವಳು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಅತ್ತೆವ್ವ, ಸಿಟ್ಟಾಗಬ್ಯಾಡ, ಮನಿ ಉಳೀಲಿ ಅಂತ ತೆಗೀತೀನಿ," ಅಂದಳು. ಮೊದಲ ಪುಟ್ಟಿ ತಾನೇ ತುಂಬಿ ಕೆಳಗೆ ಕೊಟ್ಟಳು.

ಓಣಿಯಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? ಪ್ಯಾಂಟು ಹೊಲಿಯುವ ಹೆಂಗಸರು ಮಿಷಿನ್ ಬಿಟ್ಟು ಬಂದರು. ಏಣಿಯ ಬುಡದಿಂದ ಓಣಿಯ ತುದಿಯ ಖಾಲಿ ಜಾಗದ ತನಕ ಸಾಲು ನಿಂತೆವು. ಪುಟ್ಟಿ ಕೈಯಿಂದ ಕೈಗೆ. ಮೇಲಿನ ಮಣ್ಣು ಒಣಗಿ ಹುಡಿಯಾಗಿತ್ತು. ಕೆಳಗೆ ಹೋದಂತೆ ಒದ್ದೆ, ಭಾರ, ತಣ್ಣಗೆ. "ಎವ್ವ, ಇದರಾಗ ಓಬಕ್ಕನ ಅತ್ತಿನೂ ಕುಂತಾಳೇನ, ಇಷ್ಟು ಭಾರ!" ಅಂತ ಸಾಲಿನಲ್ಲಿ ಒಬ್ಬಳು ನಗಿಸಿದಳು. "ಕುಂತಿದ್ರ ನಿನ್ನ ಹೆಸರು ಹಿಡಿದು ಕೂಗ್ತಿದ್ಲು, ಸುಮ್ನ ಹೊರು," ಅಂದಳು ಓಬಕ್ಕ ಮೇಲಿನಿಂದ. ನಗು ಬೇಗ ನಿಂತಿತು, ಯಾಕೆಂದರೆ ಗುಡುಗಿತು.

ಐದೂ ಕಾಲಿಗೆ ಗಂಗರಾಜು ಬಂದ. ಬೈಕ್ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು, ಬಾಯಿ ತೆರೆದು ನಿಂತ.

"ಅವ್ವ! ಏನ್ ಮಾಡಕತ್ತೀಯ? ನಾಳೆ ಅವರು ಬರಾದು ನಿನಗ ಮರ್ತೈತೇನು?"

"ಇಲ್ಲ."

"ಮುಟ್ಟಿದ್ರ ಕೊಡಂಗಿಲ್ಲ ಅಂತ ಬರದಾರ. ನಾನ ಓದಿ ಹೇಳೀನಿ ನಿನಗ!"

"ಹೌದು, ನೀನ ಓದಿದ್ದಿ."

"ಮತ್ತ? ಸುಮ್ಕ ಕುಂತಿದ್ರ ನಿನ್ನ ನಾಕು ಲಕ್ಷ ಬರ್ತಿತ್ತು! ಇಳಿ ಕೆಳಗ."

ಓಬಕ್ಕ ಮಾಳಿಗೆಯ ಅಂಚಿಗೆ ಬಂದಳು. ತಲೆಯ ತುಂಬ ಬೂದು ಮಣ್ಣು, ಹುಬ್ಬು ಕೂಡ ಬೆಳ್ಳಗಾಗಿತ್ತು. "ಒಳಗ ಹೋಗಿ ನಡುತೊಲಿ ನೋಡು. ನೋಡಿ ಬಂದು ಬಯ್ಯಿ," ಅಂದಳು.

ಅವನು ಒಳಗೆ ಹೋದ. ಅವನು ಒಳಗಿರುವಾಗಲೇ ಮತ್ತೊಂದು ಸದ್ದು. ಈ ಸಲ ಟಕ್ ಅಲ್ಲ, ಉದ್ದಕ್ಕೆ ಸೀಳಿದ ಕಿರ್‌ರ್ ಅನ್ನುವ ಸದ್ದು. ಹೊರಗೆ ಬಂದಾಗ ಅವನ ಮುಖ ಬೇರೆಯಾಗಿತ್ತು. ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟ. ಏಣಿ ಹತ್ತಿ ತಾಯಿಯ ಕೈಯಿಂದ ಸಲಿಕೆ ತೆಗೆದುಕೊಂಡ.

"ನೀನು ಇಳಿ."

"ಯಾಕ?"

"ನಿನ್ನ ಭಾರನೂ ಇಳೀಲಿ," ಅಂದ. ಸಿಟ್ಟಿನಲ್ಲೇ ಅಂದ, ಆದರೂ ಓಬಕ್ಕ ಇಳಿದಳು.

ಲೈನ್‌ಮ್ಯಾನ್ ಅಲ್ಲವೇ, ಎತ್ತರದಲ್ಲಿ ಕಾಲು ನಡುಗುವುದಿಲ್ಲ. ನಡುತೊಲೆಯ ಮೇಲೆ ಕಾಲಿಡದೆ, ಗೋಡೆಯ ಗುಂಟ ನಿಂತು, ದೂರದಿಂದ ಸಲಿಕೆ ಚಾಚಿ ಎಳೆದ. ಆರು ಗಂಟೆಗೆ ದಪ್ಪ ಹನಿ ಶುರುವಾಯಿತು. ಅಷ್ಟು ಹೊತ್ತಿಗೆ ನಡುವಿನ ಅಂಕಣದಿಂದ ಒಂದೂವರೆ ಅಡಿ ಮಣ್ಣು ಇಳಿದಿತ್ತು. ಸುತ್ತಲಿನದು ಹಾಗೇ ಇತ್ತು. ದೊಡ್ಡಮಲ್ಲಪ್ಪ ಮೇಲಿನ ಓಣಿಯಿಂದ ಟಾರ್ಪಾಲು ತರಿಸಿ ಹೊದೆಸಿದರು, ಅಂಚಿಗೆ ಕಲ್ಲು ಹೇರಿದರು. ಎಲ್ಲರೂ ಇಳಿದು ನಮ್ಮ ಮನೆಯ ಜಗುಲಿಗೆ ಬಂದು ನಿಂತೆವು.

ಮುಕ್ಕಾಲು ತಾಸು ಹೊಯ್ಯಿತು ಮಳೆ. ಓಬಕ್ಕನ ಮನೆಯ ಹರನಾಳಿಗೆಯಿಂದ ಕೆಸರು ನೀರು ದಬದಬ ಸುರಿಯುತ್ತಿತ್ತು. ಮಳೆಯ ಸದ್ದಿನ ಒಳಗೆ ಇನ್ನೊಂದು ಸದ್ದು ಬರುತ್ತದೇನೋ ಅಂತ ಎಲ್ಲರ ಕಿವಿಯೂ ಅಲ್ಲೇ. ಮಳೆ ನಿಂತಿತು. ಮನೆ ನಿಂತೇ ಇತ್ತು.

ಮಾರನೇ ದಿನ ಹನ್ನೊಂದಕ್ಕೆ ಸರಿಯಾಗಿ ಜೀಪು ಬಂತು. ಇಂಜಿನಿಯರ ಹೆಸರು ವಾಗೀಶ್, ನಲವತ್ತರ ಒಳಗಿನ ಮನುಷ್ಯ, ಬಳ್ಳಾರಿ ಕಡೆಯವರು, ಮಾತು ಮೃದು. ಜೀಪಿನಿಂದ ಇಳಿದವರು ಮೊದಲು ಕಂಡದ್ದು ಖಾಲಿ ಜಾಗದಲ್ಲಿ ಗುಡ್ಡೆ ಬಿದ್ದ ಒದ್ದೆ ಸೌಳು. ಆಮೇಲೆ ಮಾಳಿಗೆಯ ನೀಲಿ ಟಾರ್ಪಾಲು. ಕೈಯಲ್ಲಿದ್ದ ಕ್ಯಾಮರಾವನ್ನು ನಿಧಾನಕ್ಕೆ ಕತ್ತಿಗೆ ನೇತುಹಾಕಿಕೊಂಡರು.

"ಯಾವಾಗ ಬಿಚ್ಚಿದ್ರಿ ಅಮ್ಮಾ?"

"ನಿನ್ನೆ ಮಧ್ಯಾಹ್ನ ಸುರು ಮಾಡಿದ್ವಿರಿ. ನಿಮಗ ಫೋನ್ ಹಚ್ಚಿದ್ವಿ, ಹತ್ತಲಿಲ್ಲ."

"ನಾನು ಬರೋದಕ್ಕ ಒಂದ ದಿವಸ ಮುಂಚೆ."

"ಹೌದ್ರಿ."

ನಾಗಲಕ್ಷ್ಮಿ ಮೊಬೈಲಿನಲ್ಲಿ ಬಿರುಕಿನ ಫೋಟೋ ತೋರಿಸಲು ಹೋದಳು. ಅವರು ನೋಡಿದರು, ತಲೆಯಾಡಿಸಿದರು. "ಕೆಳಗಿನ ಓಣಿಯೋರೂ ಫೋಟೋ ತೋರ್ಸಿದ್ರಮ್ಮ. ನಾನು ನಂಬಿದೆ. ಹದಿನೈದು ದಿವಸಕ್ಕ ಅಲ್ಲಿ ಒಂದು ಕಂಬ ಇರಲಿಲ್ಲ. ಆಫೀಸಿನ್ಯಾಗ ಉತ್ತರ ಕೊಟ್ಟಿದ್ದು ನಾನು."

ಹಾಗನ್ನುತ್ತ ಪಡಸಾಲೆಗೆ ಹೋದರು. ಹೊಸ್ತಿಲಲ್ಲೇ ನಿಂತರು. ಗೋಡೆಯ ಮೇಲೆ ನೀಲಿ ಗೆರೆ ಎದ್ದು ಕಾಣುತ್ತಿತ್ತು, ನಾಲ್ಕು ಕಡೆ ಪಿಲ್ಲರಿನ ಚೌಕ, ಪಕ್ಕದಲ್ಲಿ ಕಂಟ್ರಾಕ್ಟರನ ಕೈಯ ಅಂಕಿಗಳು. ವಾಗೀಶ್ ಆ ಗೆರೆಯನ್ನು ನೋಡಿದರು, ಮಾಳಿಗೆಯನ್ನು ನೋಡಿದರು, ಬಗಲಲ್ಲಿದ್ದ ಫೈಲು ತೆರೆಯಲೇ ಇಲ್ಲ.

"ಇದು ಪಿಲ್ಲರ್ ಮಾರ್ಕಿಂಗ್ ಅಲ್ಲೇನ್ರಿ?"

ಓಬಕ್ಕ ನೆಲ ನೋಡುತ್ತಿದ್ದಳು. ಗೆರೆ ಮಗ ಹೊಡೆಸಿದ್ದು ಅಂದರೆ ಮಗ ಕೆಡವಲು ತಯಾರಿದ್ದಾನೆ ಅಂತಾಗುತ್ತಿತ್ತು. ಗೊತ್ತಿಲ್ಲ ಅಂದರೆ ಸುಳ್ಳಾಗುತ್ತಿತ್ತು. ನಾನು ಗಂಗರಾಜುವಿನ ಮುಖ ನೋಡಿದೆ. ಅವನು ಒಂದು ಮಾತು ಆಡದೆ ಸುಮ್ಮನೆ ನಿಂತರೂ ಸಾಕಿತ್ತು, ಸಾಹೇಬರು ಹೊರಟುಹೋಗುತ್ತಿದ್ದರು, ಅವನ ಸ್ಲ್ಯಾಬ್ ಅವನಿಗೆ ಸಿಗುತ್ತಿತ್ತು. ತಾಯಿ ಕೊಟ್ಟ ಮಾತೂ ಇತ್ತು.

ವಾಗೀಶ್ ಜೀಪಿನ ಕಡೆ ತಿರುಗಿದರು.

"ಸರ್, ನಿಂದರ್ರಿ," ಅಂದ ಗಂಗರಾಜು. "ಆ ಗೆರಿ ನಾನು ಹೊಡಸಿದ್ದು. ಮನಿ ಕೆಡವಬೇಕು ಅಂತ ನನಗ ಇತ್ತು. ಈಗ್ಲೂ ಐತಿ, ಸುಳ್ಳ ಹೇಳಂಗಿಲ್ಲ."

"ಮತ್ತಿನ್ನೇನು?"

"ಮಣ್ಣು ಇಳಿಸಿದ್ದು ನಮ್ಮವ್ವ. ನೀವ ಹೇಳ್ರಿ. ಮನಿ ಬೀಳಬೇಕು ಅಂತ ಇದ್ದೋರು ಯಾಕ ಮಣ್ಣು ಇಳಿಸ್ತಾರ? ನಿಮ್ಮ ಕಾಗದದಾಗ ಇದ್ದಂಗ ಸುಮ್ಕ ಕುಂತಿದ್ರ ಸಾಕಿತ್ತು. ನಿನ್ನೆ ಸಂಜಿ ಮಳಿಗೆ ತಾನ ಬೀಳ್ತಿತ್ತು. ನೀವು ಬಂದು ನೋಡಿ, ಅಯ್ಯೋ ಪಾಪ ಅಂದು ಹೋಗ್ತಿದ್ರಿ. ನನ್ನ ಕೆಲಸ ಒಂದು ರೂಪಾಯಿ ಖರ್ಚಿಲ್ಲದ ಆಗ್ತಿತ್ತು."

ವಾಗೀಶ್ ಕತ್ತೆತ್ತಿ ಮತ್ತೆ ಮಾಳಿಗೆಯ ಕಡೆ ನೋಡಿದರು.

"ಜಂತಿ ಒಂದೂ ಬಿಚ್ಚಿಲ್ಲ ಸರ್. ಹತ್ತಿ ಎಣಿಸ್ರಿ. ಒಂದು ಕಡಿಮಿ ಬಂದ್ರ ನಾನ ನಿಮ್ಮ ಜೀಪಿನ ಬಾಗಿಲು ತಗೀತೀನಿ, ಹೋಗ್ರಿ."

ಸಾಹೇಬರು ಬೂಟು ಬಿಚ್ಚಿಟ್ಟು ಏಣಿ ಹತ್ತಿದರು. ದೊಡ್ಡಮಲ್ಲಪ್ಪ ಹಿಂದೆಯೇ ಹೋದರು. ಓಬಕ್ಕ ಕೆಳಗೆ ಏಣಿಯ ಕಾಲು ಹಿಡಿದು ನಿಂತಳು. ಟಾರ್ಪಾಲು ಸರಿಸಿದ ಸದ್ದು, ಟೇಪು ಎಳೆದ ಸದ್ದು, ದೊಡ್ಡಮಲ್ಲಪ್ಪನವರ ಗೊಣಗು. ಅರ್ಧ ತಾಸಾದರೂ ಇಳಿಯಲಿಲ್ಲ. ಇಳಿದ ಮೇಲೆ ಪಡಸಾಲೆಯಲ್ಲಿ ಮಲಗಿಕೊಂಡು, ಬೆನ್ನೆಲ್ಲ ಮಣ್ಣಾದರೂ ಬಿಡದೆ, ನಡುತೊಲೆಯ ಬಿರುಕಿನ ಫೋಟೋ ಹಿಡಿದರು. ಗುಡ್ಡೆಯ ಮಣ್ಣನ್ನೂ ಅಳೆದರು.

ಎದ್ದು ಬೆನ್ನು ಕೊಡವಿಕೊಂಡು, "ಅಮ್ಮಾ, ನಾನು ನಿಯಮ ಮುರಿಯೋಕಾಗಲ್ಲ," ಅಂದರು. "ನೋಡೋ ಮುಂಚೆ ಕೆಲಸ ಆಗೈತಿ ಅಂತ ಬರೀಲೇಬೇಕು."

"ಬರೀರಿ," ಅಂದಳು ಓಬಕ್ಕ. "ಆಗಿದ್ದನ್ನ ಬರೀರಿ. ತೊಲಿ ಯಾವಾಗ ಸೀಳಿತು, ಫೋನ್ ಯಾವಾಗ ಹಚ್ಚಿದ್ವಿ, ಅದನ್ನೂ ಬರೀರಿ. ಈ ಗೆರಿನೂ ಬರೀರಿ ಬೇಕಾದ್ರ. ನಾನು ಯಾವುದಕ್ಕೂ ಒಲ್ಲೆ ಅನ್ನಂಗಿಲ್ಲ."

ಅವರು ಕಂಬಕ್ಕೆ ಒರಗಿ ಕೂತು ಎರಡು ಹಾಳೆ ಬರೆದರು. ಬರೆದದ್ದನ್ನು ಓದಿ ಹೇಳಿದರು. ದೊಡ್ಡಮಲ್ಲಪ್ಪ, ನಾಗಲಕ್ಷ್ಮಿ, ನಾನು, ಸಾಕ್ಷಿ ಅಂತ ಕೆಳಗೆ ರುಜು ಹಾಕಿದೆವು. ಗಂಗರಾಜು ತನ್ನ ಮಾತು ತಾನೇ ಬರೆದುಕೊಟ್ಟ. ಹೊರಡುವಾಗ ವಾಗೀಶ್ ಯಾವ ಭರವಸೆಯನ್ನೂ ಕೊಡಲಿಲ್ಲ. ಒಳಗೆ ಯಾರೂ ಮಲಗಬೇಡಿ ಅಂತಷ್ಟೇ ಹೇಳಿ ಹೋದರು.

ಆಮೇಲಿನ ಏಳು ವಾರ ಓಬಕ್ಕನ ಮನೆಯವರು ನಮ್ಮ ಜಗುಲಿಯಲ್ಲೇ ಇದ್ದರು, ಮಿಷಿನ್ ಸಮೇತ. ತಾಯಿ ಮಗ ಆ ವಿಷಯ ಎತ್ತಲಿಲ್ಲ. ಅವನು ದಿನಾ ಡ್ಯೂಟಿಯಿಂದ ಬಂದವನು ಮೊದಲು ಟಾರ್ಪಾಲಿನ ಕಲ್ಲು ಸರಿಯಾಗಿದೆಯಾ ನೋಡುತ್ತಿದ್ದ. ಮಿಕ್ಕ ಮಣ್ಣನ್ನೂ ಇಳಿಸಿ, ತೊಲೆಗೆ ಕೆಳಗಿನಿಂದ ಎರಡು ಕಂಬ ಕೊಟ್ಟ. ಈ ಸಲ ಸಂಸ್ಥೆಯ ಒಪ್ಪಿಗೆ ಕಾಗದ ತರಿಸಿಯೇ ಮಾಡಿದ. ಓಬಕ್ಕ ಮಾತ್ರ ಟಪಾಲಿನವನ ಸೈಕಲ್ ಕಂಡಾಗೆಲ್ಲ ಕತ್ತರಿ ಕೆಳಗಿಡುತ್ತಿದ್ದಳು.

ಅರ್ಜಿಯ ತೀರ್ಮಾನದ ಕಾಗದ ಬಂದದ್ದು ಜುಲೈಯಲ್ಲಿ. ಗಂಗರಾಜು ನಿಂತುಕೊಂಡೇ ಓದಿದ. ಒಪ್ಪಿಗೆಯಾಗಿತ್ತು. ನಿಯಮ ತಪ್ಪಿದ್ದಕ್ಕೆ ನಾಲ್ಕು ಲಕ್ಷದಲ್ಲಿ ಅರವತ್ತು ಸಾವಿರ ಕಡಿತ. ಮೊದಲ ಕಂತು ತೊಲೆ ತಂದ ಮೇಲೆ, ಎರಡನೆಯದು ಕೆಲಸ ಮುಗಿದ ಮೇಲೆ. ಮಾಳಿಗೆಗೆ ಮಣ್ಣು ಅರ್ಧ ಅಡಿಗಿಂತ ಒಂದು ಬೆರಳೂ ಹೆಚ್ಚು ಹಾಕಬಾರದು, ಪ್ರತಿ ವರ್ಷ ಹಾಕಿದಷ್ಟು ಕೆರೆಯಬೇಕು. ಹತ್ತು ವರ್ಷದ ಒಪ್ಪಂದಕ್ಕೆ ತಾಯಿಯ ಜೊತೆ ಮಗನದೂ ರುಜು ಬೇಕು.

"ಅರವತ್ತು ಸಾವಿರ," ಅಂದಳು ನಾಗಲಕ್ಷ್ಮಿ. "ಎಲ್ಲಿಂದ ತರಾದು?"

"ನಿನ್ನ ಗಂಡನ್ನ ಕೇಳು, ಕಂಟ್ರಾಕ್ಟರಿಗೆ ಅಡ್ವಾನ್ಸ್ ಕೊಡಾಕ ಎಲ್ಲಿಂದ ತಂದಿದ್ದ ಅಂತ," ಅಂದಳು ಓಬಕ್ಕ.

ಗಂಗರಾಜು ಕೊನೆಯ ಹಾಳೆ ತಿರುಗಿಸಿ ರುಜು ಎಲ್ಲಿ ಹಾಕಬೇಕು ನೋಡುತ್ತಿದ್ದ. ಪೆನ್ನು ಹಿಡಿದ, ಹಾಕಲಿಲ್ಲ.

"ಹತ್ತು ವರ್ಷ ಅಂದ್ರ ನನಗ ನಲವತ್ತೇಳಾಗ್ತದವ್ವ."

"ನನಗ ಎಪ್ಪತ್ತೆರಡು. ನಾನ ಹಾಕಾಕ ತಯಾರಿದೀನಿ, ನಿನಗೇನಾತು?"

"ಚೇಳು ಬಿದ್ರ?"

"ಬಿದ್ರ ಹೊಡೀತೀನಿ. ಇಷ್ಟು ದಿವಸ ಯಾರು ಹೊಡದಾರ?"

ಅವನು ನಕ್ಕುಬಿಟ್ಟ. ಪೂರ್ತಿ ಮನಸ್ಸಿನ ನಗುವಲ್ಲ ಅದು. ಕಾಗದವನ್ನು ಮಿಷಿನ್ನಿನ ಹಲಗೆಯ ಮೇಲಿಟ್ಟು ರುಜು ಹಾಕಿದ. ಕಾಗದವನ್ನೂ ಪೆನ್ನನ್ನೂ ತಾಯಿಯ ಕೈಗೆ ಕೊಟ್ಟ. ಓಬಕ್ಕ ತನ್ನ ಹೆಸರಿನ ಮೂರು ಅಕ್ಷರವನ್ನು ಬರೆಯಲು ಎಷ್ಟು ಹೊತ್ತು ತೆಗೆದುಕೊಂಡಳೆಂದರೆ, ನಾಗಲಕ್ಷ್ಮಿ ಅಷ್ಟರಲ್ಲಿ ಪ್ಯಾಂಟಿನ ಒಂದು ಕಾಲು ಹೊಲಿದು ಮುಗಿಸಿದಳು.

ಈಗ ಮೊದಲ ಕಂತು ಬಂದಿದೆ. ಹೊಸ ತೊಲೆ ಬಂದಿದೆ, ಹಳೆಯದನ್ನು ಇಳಿಸಿದ್ದಾರೆ. ಎರಡನೆಯ ಕಂತಿನ ಸುದ್ದಿ ಇನ್ನೂ ಇಲ್ಲ. ಬಡಗಿಗಳು ಕೆಲಸ ಮಾಡುವಾಗ ಓಬಕ್ಕ ಕೆಳಗೆ ನಿಂತು, ಗಿಳಿಯ ಮೂಗಿಗೆ ಉಳಿ ತಾಗೀತು ಅಂತ ಅವರನ್ನು ಬೈಯುತ್ತಿರುತ್ತಾಳೆ. ವಾಗೀಶ್ ಸಾಹೇಬರಿಗೆ ವಾರಕ್ಕೊಂದು ಸಲ ಫೋನು ಹಚ್ಚಿಸುತ್ತಾಳೆ. ಅವರೂ ಈಗ ಎತ್ತುತ್ತಾರೆ.